ನಿಂಬೆಯ ಹುಳಗಳಿಗೆ ಅವ್ವನ ಕಾವಲು

ಅರವತ್ತರ ದಶಕದಲ್ಲಿ ಅಣ್ಣ ಹುಮನಾಬಾದಿನ ಸಂತೆಯಿಂದ ಮೂರು ನಿಂಬೆ ಸಸಿ ತಂದು ಮಂಠಾಳದ ನಮ್ಮ ಬಾವಿಯ ಬದಿಗೆ ನೆಟ್ಟ. ಅವು ಮೊಳಕಾಲೆತ್ತರ ಬರುವಷ್ಟರಲ್ಲಿ ಅವನೇ ಇರಲಿಲ್ಲ. ಹೊಟ್ಟೆಯೊಳಗಿನ ಬೇನೆ, ಮೇಲೆ ನೋಡಿದರೆ ಗಟ್ಟಿಮುಟ್ಟಾಗಿದ್ದವನು ಒಳಗೊಳಗೇ ಮುಗಿದುಹೋದ. ಅಂದಿನಿಂದ ಅವ್ವನಿಗೆ ಆ ಗಿಡಗಳೇ ಮಗನಾದವು.

ಎಳೆ ಎಲೆಗಳಿಗೆ ಹಸಿರು ಹುಳ ಬಿತ್ತು. ಹುಳ ಕೊಲ್ಲುವ ರೂಢಿ ನಮ್ಮ ಮನೆಯಲ್ಲಿಲ್ಲ. ಅವು ಹೊಟ್ಟೆತುಂಬ ತಿಂದು, ಕೊಂಬೆಗೆ ಅಂಟಿಕೊಂಡು ಕೋಶ ಕಟ್ಟಿದವು. ಚಿಟ್ಟೆ ಹೊರಬರುವುದನ್ನು ನೋಡಲು ಅವ್ವ ದಿನಾ ಹೋಗುತ್ತಿದ್ದಳು. ಒಂದು ಮುಂಜಾನೆ ಕೋಶಕ್ಕೆ ಸೂಜಿಮೊನೆಯಷ್ಟು ತೂತು ಬಿದ್ದು, ಎಳ್ಳಿಗಿಂತ ಸಣ್ಣ ಕಣಜಗಳು ಒಂದರ ಹಿಂದೊಂದು ಹೊರಟವು. ಒಳಗೆ ಚಿಟ್ಟೆ ಇರಲಿಲ್ಲ, ಬರೀ ಸಿಪ್ಪೆ.

ಆಮೇಲೆ ಅವ್ವ ಅಣ್ಣನ ಹಳೆಯ ಧೋತರ ಹರಿದು, ಉಳಿದ ಕೋಶಗಳಿಗೆಲ್ಲ ಕಣಜ ನುಸುಳದಂತೆ ಚೀಲ ಕಟ್ಟಿದಳು. ಚಿಟ್ಟೆ ಹೊರಬಂದಾಗ ಗಂಟು ಬಿಚ್ಚಿ ಹಾರಲು ಬಿಡುವಳು.

"ಹುಳದ ಸೂಲಗಿತ್ತಿ ಆದಿ ನೋಡವ್ವಾ," ಎಂದು ಮಗಳಾದ ನಾನು ಕೆಣಕಿದರೆ ನಗುತ್ತಿರಲಿಲ್ಲ.

ಆ ಚಿಟ್ಟೆಗಳು ದೂರವೇನೂ ಹೋಗಲಿಲ್ಲ. ಅದೇ ಗಿಡಗಳಿಗೆ ತಿರುಗಿ ಬಂದು ಮೊಟ್ಟೆ ಇಟ್ಟವು. ಕಣಜಗಳು ಕಡಿಮೆಯಾದವು, ಹುಳ ಮಿತಿಮೀರಿತು. ಮರುವರ್ಷ ಒಂದು ಗಿಡ ಬೋಳಾಗಿ ಒಣಗಿತು, ಅದರ ಬೆನ್ನಿಗೇ ಇನ್ನೊಂದು. ಅವ್ವನಿಗೆ ಅಣ್ಣನ ಗಿಡಕ್ಕಿಂತ ಈ ಹುಳ ಹೆಚ್ಚಾಯಿತೇ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಬಸವಕಲ್ಯಾಣದಿಂದ ಬೆಳೆ ನೋಡಲು ಬರುತ್ತಿದ್ದ ಗ್ರಾಮಸೇವಕರನ್ನು ನಾನೇ ಕರೆತಂದೆ.

"ಅರಿವಿ ಬಿಚ್ಚರಿ ಅವ್ವಾರ," ಎಂದರು ಅವರು. "ಆ ಕಣಜ ಕೋಶದಾಗ ತತ್ತಿ ಇಡ್ತಾವ, ಅದರ ಮರಿ ಹುಳಾನ ಒಳಗಿಂದ ತಿಂದು ಹೊರಗ ಬರ್ತಾವ. ಹುಳ ಹೆಚ್ಚಾದ್ರ ಹಿಂದಿಂದ ಅವೂ ಹೆಚ್ಚಾಗ್ತಾವ, ಹುಳ ಇಳದ್ರ ಅವೂ ಇಳೀತಾವ. ನೀವು ನಡುವ ಅಡ್ಡ ನಿಂತೀರಿ. ಗಿಡಕ್ಕ ಅವೇ ಕಾವಲು."

"ಒಳಗಿಂದ ತಿಂದ್ರ ಹ್ಯಾಂಗಾಗ್ತದ, ನಾ ನೋಡೀನ್ರಿ," ಎಂದಳು ಅವ್ವ.

ಗ್ರಾಮಸೇವಕರು ಸೈಕಲ್ ಹತ್ತಿದರು. ನನ್ನ ಸಿಟ್ಟೂ ಜರ್ರನೆ ಇಳಿಯಿತು.

ಮರುದಿನ ಅವ್ವ ಉಳಿದ ಒಂದೇ ಗಿಡದ ಗಂಟುಗಳನ್ನೆಲ್ಲ ತಾನೇ ಬಿಚ್ಚಿದಳು. ಒಂದೊಂದು ಕೋಶದ ಮುಂದೂ ಕೈಮುಗಿದು ನಿಂತಳು. ಆ ಹಂಗಾಮು ಮುಗಿಯುವ ತನಕ ಬಾವಿಯ ಕಡೆ ಹೆಜ್ಜೆ ಇಡಲಿಲ್ಲ. ನೀರು ನಾನೇ ತರುತ್ತಿದ್ದೆ.

ಕಣಜಗಳು ಹೆಚ್ಚಿದವು, ಹುಳ ಇಳಿಯಿತು, ಗಿಡ ಚಿಗುರಿತು. ಮೊದಲ ಕಾಯಿಯನ್ನು ತಂದು ಅವ್ವನ ಅಂಗೈಯಲ್ಲಿಟ್ಟೆ. ಬಹಳ ಹೊತ್ತು ಅದನ್ನು ಮೂಸುತ್ತ ಕೂತಿದ್ದು, ಕೊನೆಗೆ ನನ್ನ ಮುಖ ನೋಡಿ ಕೇಳಿದಳು:

"ಹುಳಾನ ಕಣಜ ತಿಂದಿದ್ದಕ್ಕ ಗಿಡನಾದ್ರೂ ಉಳೀತು. ನನ್ನ ಮಗನ್ನ ತಿಂದಿದ್ದಕ್ಕ ಯಾರು ಉಳದ್ರವ್ವಾ?"