ಮೊದಲೇ ತೀರ್ಮಾನವಾದ ಕುಸ್ತಿ

ಲಾಕ್‌ಡೌನ್ ಟೈಮಲ್ಲಿ ಐರ್ಲೆಂಡ್‌ನ ಲೂಕನ್ ಊರಲ್ಲಿ ನನ್ನ ಬೆಡ್‌ರೂಮೇ ಆಫೀಸು. ಜನ ಹಾಕೋ ವಿಡಿಯೋ ನೋಡಿ, ಹೊಡೆದಾಟ ‘ನಿಜ’ವೋ ‘ನಟನೆ’ಯೋ ಅಂತ ಬಟನ್ ಒತ್ತೋದು ನನ್ನ ಕೆಲಸ. ನಿಜ ಆದ್ರೆ ವಿಡಿಯೋ ತೆಗೆದುಹಾಕ್ತಾರೆ, ನಟನೆ ಆದ್ರೆ ಬಿಡ್ತಾರೆ. ಮೂರನೇ ಬಟನ್ ಇಲ್ಲ. ಮನುಷ್ಯರ ಬಗ್ಗೆ ನಮ್ಮ ಕಂಪನಿಗೆ ಅಷ್ಟು ಖಚಿತವಾಗಿ ಗೊತ್ತು.

ಒಂದು ದಿನ ಹಳೇ ಜಪಾನಿ ಕುಸ್ತಿ ಬಂತು. ಶೂಟ್ ಸ್ಟೈಲ್ ಅಂತೆ. ಯಾರು ಗೆಲ್ಲಬೇಕು ಅಂತ ಮೊದಲೇ ಮಾತಾಗಿರುತ್ತೆ, ಒದೆ ಮಾತ್ರ ಅಸಲಿ. ಒಬ್ಬನ ತೊಡೆ ಬದನೇಕಾಯಿ ಬಣ್ಣಕ್ಕೆ ತಿರುಗಿತ್ತು. ಎದುರಾಳಿ ಅವನ ಕಾಲು ತಿರುಚಿದಾಗ ತೆವಳಿಕೊಂಡು ಹೋಗಿ ರಿಂಗಿನ ಹಗ್ಗ ಹಿಡಿದ. ಹಗ್ಗ ಹಿಡಿದ್ರೆ ಎದುರಾಳಿ ಬಿಡಬೇಕಂತೆ. ಬಿಟ್ಟ. ಆಮೇಲೆ ಮತ್ತೆ ಒದ್ದ.

ನಾನು ಮೈಸೂರಲ್ಲಿ ಗರಡಿಮನೆ ಪಕ್ಕ ಬೆಳೆದವನು. ‘ನಿಜ’ ಒತ್ತಿದೆ.

ಮ್ಯಾನೇಜರ್ ನೋರಾ ವಿಡಿಯೋ ಕಾಲ್ ಮಾಡಿದ್ಲು. “ರಿಸಲ್ಟ್ ಮೊದಲೇ ಫಿಕ್ಸ್ ಆಗಿದ್ರೆ ಅದು ನಟನೆ.”

“ಆ ವಿಷಯ ಅವನ ತೊಡೆಗೆ ಯಾರೂ ಹೇಳಿಲ್ಲ ಅನ್ಸುತ್ತೆ,” ಅಂದೆ.

“ನಿಂದು ತಪ್ಪು ಅಂತ ಹಾಕ್ತೀನಿ. ಓಕೆನಾ?”

“ಗ್ರ್ಯಾಂಡ್,” ಅಂದೆ. ಐರ್ಲೆಂಡ್‌ನಲ್ಲಿ ಹಲ್ಲು ಕಚ್ಚಿಕೊಂಡು ‘ಪರವಾಗಿಲ್ಲ ಬಿಡಿ’ ಅಂತ ಹೇಳೋಕೆ ಅದಕ್ಕಿಂತ ಒಳ್ಳೇ ಪದ ಇಲ್ಲ.

ಮುಂದಿನ ತಿಂಗಳು ನನ್ನ ಅಪ್ರೈಸಲ್. ಆ ತಪ್ಪನ್ನೇ ಹಿಡ್ಕೊಂಡು ನೋರಾ ಜೊತೆ ಒಂದು ಗಂಟೆ ವಾದ ಮಾಡಿದೆ, ಬೆವರಿದೆ, ಗಂಟಲು ಒಣಗಿಸ್ಕೊಂಡೆ. ಕೊನೆಗೆ ಅವಳು ಮೆತ್ತಗೆ ಹೇಳಿದ್ಲು, ಕೋವಿಡ್ ವರ್ಷ ಅಂತ ಎಲ್ಲರಿಗೂ ‘ಸಾಧಾರಣ’ ಕೊಡೋದು ಅಂತ ಮೇಲಿನವರು ಮೊದಲೇ ತೀರ್ಮಾನಿಸಿದ್ರಂತೆ.

ನಾನು ನಟಿಸಿರಲಿಲ್ಲ. ಹಿಡಿಯೋಕೆ ಹಗ್ಗವೂ ಇರಲಿಲ್ಲ.