ಕುರ್ಚಿ ಗೆಲ್ಲಲು ಲಿಂಗಸುಗೂರಿಗೆ

ಸಿಂಧನೂರಿನಿಂದ ಲಿಂಗಸುಗೂರಿಗೆ ದಾರಿ ಐವತ್ತೈದು ಕಿಲೋಮೀಟರಿನ ಆಸುಪಾಸು. ಇಷ್ಟು ದೂರದ ದಿಗ್ವಿಜಯಕ್ಕೆ ನಾನು ಹೊರಟದ್ದು ಪಿಂಚಣಿ ಶುರುವಾದ ಮೇಲೆ. ಸೈನ್ಯವೆಂದರೆ ಹೆಂಡತಿ ಗಂಗಮ್ಮ; ಆಯುಧವೆಂದರೆ ಒಂದು ಪ್ರಶ್ನೆ; ಗೆಲ್ಲಬೇಕಿದ್ದ ಸಿಂಹಾಸನ, ಒಂದು ಹಳೆಯ ಮರದ ಕುರ್ಚಿ.

ಸಿಂಧನೂರಿನ ನಿಲ್ದಾಣದಲ್ಲಿ ಬಸ್ಸು ಹತ್ತಿದೊಡನೆ ಕಂಡಕ್ಟರು ಗಂಗಮ್ಮನಿಗೆ ಪುಕ್ಕಟೆ ಟಿಕೆಟ್ ಕೊಟ್ಟು ನನ್ನತ್ತ ಕೈ ಚಾಚಿದರು. “ಅಕ್ಕಾರದ್ದು ಸರಕಾರ ಕೊಡ್ತೈತಿ. ನಿಮ್ಮದು ನೀವ ಕೊಡಬೇಕ್ರಿ, ಯಜಮಾನ್ರ.” ದಂಡಯಾತ್ರೆಯ ಖರ್ಚು ದೊರೆಯದೇ ಎಂಬುದು ಹಳೆಯ ಸಂಪ್ರದಾಯ. ಕೊಟ್ಟೆ.

ಕುರ್ಚಿಯ ವಿಷಯ ಹೇಳಬೇಕು. ಸಾಲಗುಂದದ ಶಾಲೆಯಲ್ಲಿ ನಮಗೆ ಪಾಠ ಹೇಳಿದವರು ದೇವೇಂದ್ರಪ್ಪ ಮಾಸ್ತರು. ಅವರ ತರಗತಿಗೆ ಒಂದು ಕಾನೂನಿತ್ತು. ಅವರಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಯಾರಾದರೂ ಕೇಳಿದರೆ, ಕೇಳಿದವರು ಹೋಗಿ ಮಾಸ್ತರ ಕುರ್ಚಿಯಲ್ಲಿ ಕೂರಬೇಕು. ಮಾಸ್ತರು ಬಂದು ಅವರ ಜಾಗದಲ್ಲಿ, ನೆಲದ ಮೇಲೆ, ಕೈಕಟ್ಟಿ ಕೂರುತ್ತಿದ್ದರು. ಉತ್ತರ ಸಿಗುವವರೆಗೆ ಕುರ್ಚಿ ಕೇಳಿದವರದೇ.

ಒಮ್ಮೆ ಕೇರಿಯ ಹುಡುಗಿ ದುರುಗಮ್ಮ ಎದ್ದು, “ಮೋಡ ಅಷ್ಟು ನೀರು ಹೊತ್ಕೊಂಡು ಧಪ್ಪಂತ ಯಾಕ ಬೀಳಂಗಿಲ್ರಿ?” ಎಂದು ಕೇಳಿದಳು. ಊರಿನ ಯಾವ ದೊಡ್ಡ ಮನೆಯ ಕಟ್ಟೆಯನ್ನೂ ಹತ್ತಲು ಅಪ್ಪಣೆಯಿಲ್ಲದ ಹುಡುಗಿ, ಮಾಸ್ತರ ಕುರ್ಚಿಯಲ್ಲಿ ಕಾಲು ನೆಲಕ್ಕೆ ತಾಕದೆ ಕುಳಿತಳು. ಸುದ್ದಿ ಹಬ್ಬಿತು, ಮರುದಿನ ಊರ ಗೌಡರೇ ಶಾಲೆಯ ಬಾಗಿಲಿಗೆ ಬಂದರು.

“ಏನ್ ಮಾಸ್ತರ, ಇದೇನು ನಾಟಕ?”

ಮಾಸ್ತರು ನೆಲದಿಂದ ಏಳಲಿಲ್ಲ. “ಅಕಿಗೆ ಸವಾಲ್ ಗೊತ್ತೈತಿ, ನನಗ ಜವಾಬ್ ಗೊತ್ತಿಲ್ರಿ, ಗೌಡ್ರ. ನೀವು ಹೇಳ್ತೀನಂದ್ರ ಕುರ್ಚಿ ಈಗ ಬಿಡಸ್ತೀನಿ.”

ಗೌಡರು ಆಕಾಶದ ಕಡೆ ಒಮ್ಮೆ ನೋಡಿದರು. ಅಲ್ಲಿ ಒಂದು ಮೋಡವೂ ಇತ್ತು. ಬಂದ ದಾರಿಯಲ್ಲೇ ತಿರುಗಿ ಹೋದರು. ಮಾಸ್ತರು ಆ ಶನಿವಾರ ರಾಯಚೂರಿಗೆ ಹೋಗಿ ಯಾವುದೋ ಕಾಲೇಜಿನವರನ್ನು ಕೇಳಿಕೊಂಡು ಬಂದು, ದುರುಗಮ್ಮನಿಗೆ ಉತ್ತರ ಒಪ್ಪಿಸಿ, ಕುರ್ಚಿ ವಾಪಸು ಪಡೆದರು. ದೇವರು ಎದುರಿಗೆ ಬಂದರೆ ಏನನ್ನಿಸುತ್ತದೋ ನನಗೆ ತಿಳಿಯದು; ಅಂದು ಅನ್ನಿಸಿದ್ದು ಮಾತ್ರ ಇಂದಿಗೂ ಮೈಮೇಲಿದೆ.

ಆ ಕುರ್ಚಿಯಲ್ಲಿ ನಾನು ಒಮ್ಮೆಯೂ ಕೂರಲಿಲ್ಲ. ಮಾಸ್ತರು ನಿವೃತ್ತರಾದಾಗ ಶಾಲು ಬೇಡ, ಕುರ್ಚಿ ಕೊಡಿ ಎಂದು ಕೇಳಿ ಒಯ್ದರೆಂದೂ, ಈಗ ಲಿಂಗಸುಗೂರಿನಲ್ಲಿ ಮಗಳ ಮನೆಯಲ್ಲಿದ್ದಾರೆಂದೂ ಹೋದ ತಿಂಗಳು ತಿಳಿಯಿತು. ಇನ್ನು ತಡಮಾಡುವಂತಿರಲಿಲ್ಲ. ಅವರಿಗೆ ತೊಂಬತ್ತರ ಹತ್ತಿರ. ನನಗೂ ಹಲ್ಲು ಕಟ್ಟಿಸಿದ್ದಾಗಿತ್ತು.

ಕಾಲುವೆ ನೀರಿನ ಸೀಮೆಯಲ್ಲಿ ಭತ್ತದ ನಾಟಿ ನಡೆದಿತ್ತು. ಟ್ರ್ಯಾಕ್ಟರುಗಳು ರಸ್ತೆಯುದ್ದಕ್ಕೂ ಕೆಸರು ಹಂಚುತ್ತಿದ್ದವು. ಅದು ಮುಗಿದದ್ದೇ ಹಸಿರು ಹಿಂದೆ ಸರಿದು ಎರೆಹೊಲ, ಹತ್ತಿಕಡ್ಡಿ, ಬಂಡೆಗಳು ಬಂದವು. ಮಸ್ಕಿಯಲ್ಲಿ ಇಳಿದು ಮಂಡಾಳ ಒಗ್ಗರಣೆ, ಮಿರ್ಚಿ ತಿಂದೆವು. ಮಿರ್ಚಿ ನನ್ನ ಧೈರ್ಯಕ್ಕಿಂತ ಖಾರವಾಗಿತ್ತು.

ನನ್ನ ಆಯುಧವನ್ನು ಮಸೆಯಲು ಶಾಸನದ ಬಂಡೆಗೆ ಹೋದೆವು. ಎರಡು ಸಾವಿರ ವರ್ಷಕ್ಕೂ ಹಿಂದೆ ಚಕ್ರವರ್ತಿಯೊಬ್ಬ ತನ್ನ ಮಾತನ್ನು ಕೊರೆಸಿದ ಬಂಡೆ. ಗಂಗಮ್ಮ ಸೆರಗಿನಿಂದ ಬೆವರೊರೆಸಿಕೊಂಡು ನೋಡಿದಳು.

“ಇದಕ್ಕೇನು ಇಷ್ಟು ಮ್ಯಾಲ ಹತ್ತಿಸಿದ್ರಿ? ಒಂದಕ್ಷರ ತಿಳಿವಲ್ದು.”

“ಅವತ್ತು ಇಲ್ಲಿನ ಜನಕ್ಕೂ ತಿಳೀತಿರಲಿಲ್ಲ. ಭಾಷಾನೂ ಅವರದಲ್ಲ, ಓದಾಕೂ ಬರ್ತಿರಲಿಲ್ಲ. ಮತ್ತ ಈ ಗುಡ್ಡದಾಗ ಯಾರು ಓದ್ಲಿ ಅಂತ ಬರೆಸಿದ? ಅದ ನನ್ನ ಸವಾಲ್. ಇದಕ್ಕ ಜವಾಬಿಲ್ಲ.”

“ಜವಾಬಿಲ್ಲಂತ ನಿಮಗ ಹೆಂಗ ಗೊತ್ತು?”

ಈ ಬಗೆಯ ಮಾತಿಗೆ ನಾನು ಮನೆಯಲ್ಲೂ ಉತ್ತರ ಕೊಡುವುದಿಲ್ಲ.

ಲಿಂಗಸುಗೂರು ತಲುಪುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಆಟೋದವನು ಮಾಸ್ತರ ಹೆಸರು ಕೇಳಿ ದಾರಿ ಕೇಳಲಿಲ್ಲ. ಮಗಳು ನಾಗರತ್ನ ಬಾಗಿಲು ತೆಗೆದು ಒಳಗೆ ಕೂಗಿದರು: “ಅಪ್ಪಾ, ನಿಮ್ಮ ಸಾಲಿ ಹುಡುಗ ಬಂದಾನ!” ಬೋಳುತಲೆಯ ಹುಡುಗ ಚಪ್ಪಲಿ ಬಿಟ್ಟು ಒಳಹೊಕ್ಕ.

ಕುರ್ಚಿ ಅದೇ. ಕೈಗಳ ಮೇಲಿನ ಬಣ್ಣ ಸವೆದು ಮರ ಹೊಳೆಯುತ್ತಿತ್ತು. ಮಾಸ್ತರು ಅದರಲ್ಲಿ ಊರಬಾಗಿಲ ಅಗಸೆ ಕಂಬದಂತೆ ನೆಟ್ಟಗಿದ್ದರು. ಕಾಲಿಗೆರಗಿದೆ. “ಬಾರಪ, ಕುಂದ್ರು” ಎಂದು ಎದುರಿನ ಜಮಖಾನೆ ತೋರಿಸಿದರು. ಚಹಾ ಬರುವವರೆಗೂ ತಾಳಲಾಗದೆ, ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದ ಪ್ರಶ್ನೆಯನ್ನು ಗಂಭೀರವಾಗಿ ಮಂಡಿಸಿದೆ.

“ಬಂಗಾರ” ಎಂದರು ಮಾಸ್ತರು, ನನ್ನ ವಾಕ್ಯ ಮುಗಿಯುವ ಮೊದಲೇ. “ಹಟ್ಟಿ ಗಣಿ ಎಷ್ಟು ದೂರ ಐತಿ? ಈ ಸೀಮ್ಯಾಗ ಹಿಂದಿನ ಕಾಲದಾಗೂ ಬಂಗಾರಕ್ಕ ನೆಲ ಅಗೀತಿದ್ರು. ಬಂಗಾರ ಇದ್ದಲ್ಲಿ ಜನ. ಜನ ಇದ್ದಲ್ಲಿ ದೊರಿ ಮಾತು ಮುಟ್ಟಬೇಕಲ್ಲ?”

“ಆದ್ರ ಓದಾಕ ಬರ್ತಿರಲಿಲ್ಲಲ್ರಿ, ಸರ್?”

“ಎಲ್ಲಾರಿಗೂ ಯಾಕ ಬರಬೇಕು? ಓದಿ ಹೇಳಾಂವ ಒಬ್ಬ ಇದ್ದಿರಬೇಕು. ನನ್ನಂಗ ಸಂಬಳದಾಂವ.”

ತಿಂಗಳಿಡೀ ಮಸೆದ ಖಡ್ಗ ಚಹಾ ಬರುವ ಮೊದಲೇ ಮುರಿಯಿತು. ಆಗ ಗಂಗಮ್ಮ, ನನ್ನ ಮುಖ ನೋಡಿ ಪಾಪ ಎನಿಸಿತೋ ಏನೋ, ಮಾತು ಬದಲಿಸಲು ಕೇಳಿದಳು:

“ಗುರುಗಳ, ಇವರು ಸಾಲ್ಯಾಗ ಹೆಂಗಿದ್ರುರಿ? ಮನ್ಯಾಗಂತೂ ನಾ ಭಾರಿ ಶಾಣ್ಯಾ ಇದ್ದೆ ಅಂತಾರ.”

ಮಾಸ್ತರು ಕನ್ನಡಕ ತೆಗೆದು, ಧೋತರದ ಚುಂಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ಶಾಣ್ಯಾ ಇದ್ದ ಎಂದುಬಿಟ್ಟಿದ್ದರೆ ಎಲ್ಲರಿಗೂ ಸುಖವಿತ್ತು. ಬೇರೆ ಯಾರೇ ಆಗಿದ್ದರೂ ಅದನ್ನೇ ಹೇಳುತ್ತಿದ್ದರು.

“ಗೊತ್ತಿಲ್ಲವ್ವ” ಎಂದರು.

ಹಾಗೆಂದವರು ಕುರ್ಚಿಯ ಕೈ ಹಿಡಿದು ಏಳತೊಡಗಿದರು. ನಾಗರತ್ನ ಒಳಗಿನಿಂದ ಓಡಿಬಂದರು. “ಅಪ್ಪಾ, ಮಣಕಾಲು!”

“ಮಣಕಾಲಿಗೇನು ಗೊತ್ತು ಸಾಲಿ ಕಾಯ್ದೆ?” ಎಂದು ಗೋಡೆ ಹಿಡಿದು ನಿಂತರು. “ಕುಂದ್ರವ್ವ ಕುರ್ಚಿ ಮ್ಯಾಲ. ಜವಾಬ್ ಸಿಗೋತನಕ ಅದು ನಿಂದು.”

“ಅಯ್ಯ, ನಾ ಒಲ್ಲೆರಿ! ಗುರುಗಳ ಕುರ್ಚಿ—”

“ಕುಂದ್ರು.”

ಆ ದನಿಗೆ ಸಾಲಗುಂದದ ಹೆಂಚುಗಳೇ ಸುಮ್ಮನಾಗುತ್ತಿದ್ದವು. ಗಂಗಮ್ಮ ಕುಳಿತಳು. ಮಾಸ್ತರು ಗೋಡೆಗೆ ಆತು ಇಷ್ಟಿಷ್ಟೇ ಕೆಳಗಿಳಿದು, ಜಮಖಾನೆಯ ಮೇಲೆ ನನ್ನ ಪಕ್ಕ ಕುಳಿತು, ಕೈಕಟ್ಟಿದರು. ನನ್ನ ಕೈಗಳೂ ತಾವಾಗಿ ಕಟ್ಟಿಕೊಂಡವು.

“ಈಗ ನೀನ ಹೇಳಪ. ನೀ ಹೆಂಗಿದ್ದಿ?”

ಅವರು ಪಾಠ ಕೇಳುವ ಹುಡುಗನಂತೆ ನನ್ನ ಕಡೆ ತಿರುಗಿದ್ದರು. ಹೇಳಿದೆ. ಕಂಬದ ಹಿಂದೆ ಕೂರುತ್ತಿದ್ದೆ, ಲೆಕ್ಕ ಚೆನ್ನಾಗಿ ಬರುತ್ತಿತ್ತು, ದುರುಗಮ್ಮ ಕುರ್ಚಿಯಲ್ಲಿ ಕುಳಿತ ದಿನ ಮನೆಗೆ ಹೋಗಿ ಉಣ್ಣಲಿಲ್ಲ. ಒಂದೊಂದಕ್ಕೂ ತಲೆದೂಗಿದರು.

“ನೀ ಏನೂ ಕೇಳಲಿಲ್ಲ?”

“ಇಲ್ರಿ, ಸರ್.”

“ಯಾಕ?”

ಬಾಯಿ ತೆರೆದೆ. ಹೆದರಿಕೆ ಎನ್ನಲೇ? ಪ್ರಶ್ನೆ ಕೇಳಲು ಅವರ ಮುಂದೆ ಯಾರಿಗೂ ಹೆದರಿಕೆಯಿರಲಿಲ್ಲ. ಪ್ರಶ್ನೆ ಇರಲಿಲ್ಲವೆನ್ನಲೇ? ಎಷ್ಟೋ ಇದ್ದವು. ಕೊನೆಗೆ ನಿಜ ಹೇಳಿದೆ. “ಗೊತ್ತಿಲ್ರಿ.”

ಮಾಸ್ತರು ನಕ್ಕರು. ಕುರ್ಚಿಯಲ್ಲಿದ್ದ ಗಂಗಮ್ಮನನ್ನು ನೋಡಿ, ನನ್ನ ಭುಜದ ಮೇಲೆ ಕೈಯಿಟ್ಟರು. “ಹಂಗಾದ್ರ ಇಬ್ಬರೂ ಇಲ್ಲೇ ಕುಂದ್ರೂಣು.”

ಹೊರಡುವಾಗ ಬಾಗಿಲಿನಿಂದ ತಿರುಗಿ ನೋಡಿದೆ. ಮಗಳು ಎಬ್ಬಿಸಲು ಹೋದರೆ ಮಾಸ್ತರು ಬೇಡವೆಂದು ಕೈ ಆಡಿಸುತ್ತಿದ್ದರು. ಕುರ್ಚಿ ಖಾಲಿ ಇತ್ತು.

ಸಿಂಧನೂರಿನ ಬಸ್ಸು ಕಿಕ್ಕಿರಿದಿತ್ತು. ಮಸ್ಕಿಯಲ್ಲಿ ಒಂದು ಸೀಟು ಖಾಲಿಯಾಯಿತು. “ಕುಂದ್ರಿ, ದಣದೀರಿ” ಎಂದಳು ಗಂಗಮ್ಮ.

“ಬ್ಯಾಡ, ನೀನ ಕುಂದ್ರು” ಎಂದೆ. “ಜವಾಬ್ ಇನ್ನೂ ಸಿಕ್ಕಿಲ್ಲ.”