ಅಪ್ಪನ ಪೋರ್ತುಗೀಜ ಗಿಡ

ದಾಂಡೇಲಿಯ ಕಾಗದ ಕಾರ್ಖಾನೆಯ ನಮ್ಮ ಕಾಲೋನಿಯಲ್ಲಿ ಮನುಷ್ಯನ ಯೋಗ್ಯತೆಯನ್ನು ಅವನ ಅಂಗಳದ ಎಲೆಯ ಅಗಲ ನೋಡಿ ಹೇಳಬಹುದಿತ್ತು. ದೊಡ್ಡ ಸಾಹೇಬರ ಬಂಗಲೆಯ ಮುಂದೆ ತೂತು ತೂತಿನ ಹರಕು ಎಲೆಯ ಬಳ್ಳಿ. ಅದನ್ನು ಅವರ ಹೆಂಡತಿ ಮುಂಬಯಿಯಿಂದ ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದರಂತೆ, ಕೈಗೂಸನ್ನೂ ಅವರು ಹಾಗೆ ಹಿಡಿದದ್ದನ್ನು ಯಾರೂ ಕಂಡಿರಲಿಲ್ಲ. ಇಂಜಿನಿಯರರ ಮನೆಗಳ ಮುಂದೆ ಆನೆಕಿವಿ. ಅವರ ಕೆಳಗಿನವರಿಗೆ ಕಾಬಾಳೆ, ಅದಕ್ಕೂ ಕೆಳಗಿನವರಿಗೆ ಕ್ರೋಟನ್. ನಮ್ಮಂಥ ಕಾರಕೂನರ ಸಾಲಿಗೆ ಬಂದರೆ ಮೆಂತ್ಯ, ಕೊತ್ತಂಬರಿ, ಹಕ್ಕರಿಕಿ. ಮೆಂತ್ಯದ ಎಲೆ ಎಷ್ಟು ದೊಡ್ಡದಿದ್ದೀತು? ಅಪ್ಪನಿಗೆ ಹಗಲೂ ರಾತ್ರಿ ಚುಚ್ಚುತ್ತಿದ್ದದ್ದು ಇದೇ.

ಸುತ್ತ ಕಣ್ಣು ಹಾಯುವವರೆಗೂ ಕಾಡು, ನಡುವೆ ಕಾಡು ಸವರಿ ಮಾಡಿದ ಬಯಲಿನಲ್ಲಿ ಧಾರವಾಡ, ಬೆಳಗಾವಿ ಕಡೆಯಿಂದ ಕೆಲಸಕ್ಕೆ ಬಂದ ನಾವು. ಎರೆಮಣ್ಣಿನಲ್ಲಿ ಹುಟ್ಟಿದ ನಮಗೆ ಕಾಡೆಂದರೆ ಹುಲಿ ಇರುವ ಜಾಗ, ಅಷ್ಟೇ. ಊರಂಚಿನ ಕೋಗಿಲಬನದ ಆಚೆ ನಮ್ಮ ಸಾಲಿನವರು ಯಾರೂ ಕಾಲಿಟ್ಟಿರಲಿಲ್ಲ. ಗಿಡ ಬೇಕೆಂದರೆ ಹೊರಗಿನಿಂದ, ಸಾಧ್ಯವಾದಷ್ಟು ದೂರದಿಂದ ತರಿಸಬೇಕು, ಅದರ ಹೆಸರು ನಾಲಿಗೆಗೆ ಹತ್ತಬಾರದು. ಇದು ಕಾಲೋನಿಯ ಕಾಯಿದೆ.

ಗಿಡಗಳ ಗುರುತು ಹಿಡಿಯುವ ವಿದ್ಯೆ ನಮಗೆ ಬಂದದ್ದು ಪಕ್ಕದ ಮನೆಯಾಕೆಯ ಗಂಟಲಿನಿಂದ. ಆಕೆ ಇಂಜಿನಿಯರರ ಮನೆಯ ಆನೆಕಿವಿಯನ್ನು ಕೆಸವೆಂದು ತಿಳಿದು, ಬೇಡಿ ತಂದು, ಹಿಟ್ಟು ಹಚ್ಚಿ ಸುತ್ತಿ ಬೇಯಿಸಿ ತಿಂದಳು. ಗಂಟಲು ಬಾತು ಮಾತೇ ನಿಂತಿತು. ಆಮೇಲೆ ಎಲ್ಲರೂ ಪಂಡಿತರಾದರು. ಕೆಸದ ಎಲೆಯ ತುದಿ ನೆಲ ನೋಡುತ್ತದೆ, ಆನೆಕಿವಿಯದು ಆಕಾಶ ನೋಡುತ್ತದೆ. ಕೆಸದ ದಂಟು ಎಲೆಯ ಬೆನ್ನಿಗೆ ಅಂಟಿರುತ್ತದೆ, ಆನೆಕಿವಿಯದು ಅಂಚಿನ ಸೀಳಿಗೆ. ಅಪ್ಪ ಮಾತ್ರ ಇದನ್ನೆಲ್ಲ ಕೇಳಿ, “ಅಡಗಿಮನಿಗೆ ಹೋಗೂ ಎಲಿ ಒಂದು ಎಲಿ ಏನ?” ಎಂದರು.

ಗೋವಾ ನಮ್ಮ ದೇಶಕ್ಕೆ ಸೇರಿದ ಮರುವರ್ಷ ಅಪ್ಪನ ದೈವ ತೆರೆಯಿತು. ಅಪ್ಪ ಬಿದಿರಿನ ಲಾರಿಗಳನ್ನು ತೂಗುವಲ್ಲಿ ಕಾರಕೂನರು. ಅಲ್ಲಿಗೆ ಬರುವ ಒಬ್ಬ ಲಾರಿ ಡ್ರೈವರ ಡಾಲ್ಡಾ ಡಬ್ಬಿಯಲ್ಲಿ ಒಂದು ಸಸಿ ತಂದುಕೊಟ್ಟ. ಗೋವಾ ಬಿಟ್ಟು ಓಡಿಹೋದ ಪೋರ್ತುಗೀಜ ಸಾಹೇಬನೊಬ್ಬನ ತೋಟದ್ದು ಎಂದ. ಅವನನ್ನು ನಾನು ಸುಳ್ಳುಗಾರ ಎನ್ನುವುದಿಲ್ಲ. ಲಾರಿ ಗೋವಾ ದಾರಿಯಿಂದಲೇ ಬಂದಿತ್ತು, ಸಸಿ ಅಣಶಿ ಘಟ್ಟದ ಹತ್ತಿರ ಎಲ್ಲೋ ಹತ್ತಿಕೊಂಡಿರಬೇಕು. ಆ ದಾರಿಯಲ್ಲಿ ಬಂದ ಸಾಬೂನು, ಛತ್ರಿ, ಬ್ಯಾಟರಿ ಎಲ್ಲವೂ ನಮಗೆ ಆಗ ಫಾರಿನ್ ಮಾಲೇ. ಅಪ್ಪ ಡ್ರೈವರನನ್ನು ಮನೆಗೆ ಕರೆತಂದು ರೊಟ್ಟಿ, ಎಣ್ಣೆಗಾಯಿ ಪಲ್ಯ ಬಡಿಸಿ ಕಳಿಸಿದರು.

ನಮ್ಮ ಮನೆಯ ಮುಂದೆ ಬಿಸಿಲು ಬೀಳುವ ಜಾಗ ಒಂದೇ. ಅಲ್ಲಿ ಅವ್ವನ ಮೆಂತ್ಯದ ಮಡಿ ಇತ್ತು. ಧಾರವಾಡ ಕಡೆಯ ಒಂದು ಹಳ್ಳಿ ಅವ್ವನ ತವರು, ಅಲ್ಲಿಂದ ಸೆರಗಿನಲ್ಲಿ ಕಟ್ಟಿ ತಂದ ಬೀಜ ಅದು. ಆಕೆ ಬೆಳಗ್ಗೆ ಎದ್ದು ಮೊದಲು ಮಾತಾಡಿಸುತ್ತಿದ್ದದ್ದು ಆ ಮಡಿಯನ್ನು, ಆಮೇಲೆ ನಮ್ಮನ್ನು. ಅಪ್ಪ ಒಂದು ಭಾನುವಾರ ಮೆಂತ್ಯವನ್ನೆಲ್ಲ ಕಿತ್ತು ಬುಟ್ಟಿಗೆ ತುಂಬಿ, ಅದೇ ಜಾಗದಲ್ಲಿ ಪೋರ್ತುಗೀಜ ಸಸಿ ನೆಟ್ಟರು. ಅವ್ವ ಬುಟ್ಟಿ ತೆಗೆದುಕೊಂಡು ಒಳಗೆ ಹೋದಳು. ಎರಡು ಹೊತ್ತೂ ಮೆಂತ್ಯದ ಪಲ್ಯವೇ ಮಾಡಿದಳು.

ಸಂಕ್ರಾಂತಿ ಕಳೆದ ಮೇಲೆ ಗಿಡದ ಎಲೆ ಉದುರಿ ಬರೀ ಕೋಲು ಉಳಿಯಿತು. ಅಪ್ಪ ಊಟ ಬಿಟ್ಟರು. “ತನ್ನ ದೇಶ ನೆನಸಾಕತ್ತೈತಿ ಅದು” ಎಂದರು. ಬೇರಿಗೆ ಮಜ್ಜಿಗೆ ಹಾಕಿದರು. ಪೋರ್ತುಗೀಜರು ಕಾಫಿ ಕುಡಿಯುತ್ತಾರೆಂದು ಯಾರೋ ಹೇಳಿದ್ದಕ್ಕೆ ಆರಿದ ಕಾಫಿಯನ್ನೂ ಹಾಕಿದರು. ನಾವು ಕಾಫಿಯ ಮುಖ ನೋಡುತ್ತಿದ್ದದ್ದು ಬೀಗರು ಬಂದಾಗ ಮಾತ್ರ. ಕೊನೆಗೆ ಮೊದಲ ಮಳೆ ಬಿದ್ದು ಗಿಡ ಚಿಗುರಿತು. ಒಂದೊಂದು ಎಲೆಯೂ ಮೊರದಷ್ಟು ಅಗಲವಾಯಿತು. ಅಪ್ಪ ನನ್ನ ಹೊಲಿಗೆಯ ಟೇಪು ಹಿಡಿದು ಅಳೆದು ಅಳೆದು ಟೇಪಿನ ಅಂಕಿಗಳೇ ಅಳಿಸಿಹೋದವು.

ದೊಡ್ಡ ಸಾಹೇಬರ ಹೆಂಡತಿ ಒಂದು ದಿನ ನಮ್ಮ ಸಾಲಿನಲ್ಲಿ ಕಾರು ನಿಲ್ಲಿಸಿ, ಗಾಜು ಇಳಿಸಿ, ಇದರದೊಂದು ಮರಿ ಸಿಗಬಹುದೇ ಎಂದು ಕೇಳಿದರು. ಅಪ್ಪ ಕೈಮುಗಿದು, ಈ ಜಾತಿ ಮರಿ ಹಾಕುವುದಿಲ್ಲ ಎಂದರು. ಬಂಗಲೆಯವರು ಕೇಳಿದ್ದಕ್ಕೆ ಇಲ್ಲ ಎಂದ ಕಾರಕೂನ ಇಡೀ ದಾಂಡೇಲಿಯಲ್ಲಿ ಅಪ್ಪ ಒಬ್ಬರೇ. ಅವತ್ತಿನಿಂದ ಅವರು ನಡೆಯುವ ರೀತಿಯೇ ಬದಲಾಯಿತು.

ಅದೇ ಮಳೆಗಾಲದಲ್ಲಿ ನಾನು ಪೇಟೆಯಿಂದ ನೇರಳೆ ಹಣ್ಣು ತಂದೆ. ಜೋಯಿಡಾ ಕಡೆಯಿಂದ ಬರುವವರು ಹಣ್ಣನ್ನು ಅಗಲವಾದ ಎಳೆ ಎಲೆಯಲ್ಲಿ ಕಟ್ಟಿಕೊಡುತ್ತಿದ್ದರು. ಅದು ಸಾಗವಾನಿ ಎಲೆ ಎಂದು ಹಣ್ಣು ಮಾರುವಾಕೆ ಅವತ್ತು ಹೇಳಿದಳು. ಮನೆಗೆ ಬರುವಷ್ಟರಲ್ಲಿ ನನ್ನ ಅಂಗೈ ರಕ್ತ ಹಚ್ಚಿದ ಹಾಗೆ ಕೆಂಪಾಗಿತ್ತು. ಪೊಟ್ಟಣ ಹಿಡಿದುಕೊಂಡೇ ಅಪ್ಪನ ಗಿಡದ ಮುಂದೆ ನಿಂತೆ. ಅದೇ ಒರಟು ಮೈ, ಅವೇ ನರಗಳು. ಒಂದು ಚಿಗುರು ಚಿವುಟಿ ಉಜ್ಜಿದೆ, ಇನ್ನೊಂದು ಕೈಯೂ ಕೆಂಪಾಯಿತು. ಬೆಳೆದ ಮರದ ಎಲೆ ಸಣ್ಣದು, ಅದೂ ಆಕಾಶದಲ್ಲಿರುತ್ತದೆ. ಸಸಿಯಾಗಿದ್ದಾಗ ಮಾತ್ರ ಅದಕ್ಕೆ ಇಂಥ ರಾಕ್ಷಸ ಎಲೆ. ನಮಗೋ, ಸಾಗವಾನಿ ಎಂದರೆ ಬಾಗಿಲು, ಚೌಕಟ್ಟು, ಮಂಚ. ಅದಕ್ಕೆ ಎಲೆ ಎಂಬುದೊಂದು ಇರುತ್ತದೆಂದು ನಾವು ಯೋಚಿಸಿಯೇ ಇರಲಿಲ್ಲ. ಸಾಗವಾನಿ ಕಾಡಿನ ನಡುವಿನ ದಾಂಡೇಲಿಗೆ ಬಂದು ಅದಕ್ಕೇ ಕಾಫಿ ಕುಡಿಸಿದವರು ನಾವು.

ಓಡಿಹೋಗಿ ಅವ್ವನಿಗೆ ಹೇಳಿದೆ. ಆಕೆ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

“ಗೊತ್ತೈತಿ,” ಎಂದಳು. “ಹೋದ ವರ್ಷನ ಗೊತ್ತಾಗೇತಿ. ನಂದೂ ಕೈ ಕೆಂಪಾಗಿತ್ತು.”

“ಮತ್ತ ಅಪ್ಪಗ ಹೇಳಲಿಲ್ಲ ಯಾಕ?”

“ಹೇಳಿ ಏನ ಮಾಡ್ಲಿ? ದಿನಾ ಸಂಜೀಕ ಬಂದು ಅದರ ಮುಂದ ಕುರ್ಚಿ ಹಾಕ್ಕೊಂಡು ಕುಂತ್ರ ನಿಮ್ಮಪ್ಪಗ ಒಂದೀಟು ಸುಖ ಅನಸ್ತೈತಿ. ಇರ್ಲಿ ಬಿಡು.”

ನನಗೆ ಮೈ ಉರಿಯಿತು. ಮಡಿ ಕಳೆದುಕೊಂಡವಳು ಆಕೆ, ಸುಖ ಮಾತ್ರ ಅಪ್ಪನದು.

ದೀಪಾವಳಿ ಕಳೆದ ಮೇಲೆ ನನಗೊಂದು ಸಂಬಂಧ ಬಂತು. ಅದಕ್ಕೆ ಮುಂಚೆ ಬಂದವರೆಲ್ಲ ಸೊಲ್ಲಾಪುರದವರು, ಅದರಾಚೆಯವರು. ಕೊಟ್ಟರೆ ವರ್ಷಕ್ಕೊಮ್ಮೆ ತವರು ನೋಡಬೇಕು. ಇದು ಹಳಿಯಾಳ. ಬೆಳಗಿನ ಬಸ್ಸಿಗೆ ಹತ್ತಿದರೆ ಅವ್ವನ ಜೊತೆ ಊಟ ಮಾಡಿ ಸಂಜೆಗೆ ವಾಪಸಾಗಬಹುದು. ನಮ್ಮ ಮನೆಯಲ್ಲಿ ಅವ್ವನ ಹತ್ತಿರ ಮಾತಾಡಲು ಇದ್ದವಳು ನಾನೊಬ್ಬಳೇ. ಹುಡುಗ ಕಪ್ಪೋ ಕೆಂಪೋ ನನಗೆ ಬೇಕಾಗಿರಲಿಲ್ಲ, ಹಳಿಯಾಳ ಬೇಕಾಗಿತ್ತು.

ಆದರೆ ಹುಡುಗನ ತಂದೆಯ ವ್ಯಾಪಾರ ಕೇಳಿ ನಾನು ಕಿಟಕಿಯಿಂದ ಗಿಡದ ಕಡೆ ನೋಡಿದೆ. ಕಟ್ಟಿಗೆ ಅಡ್ಡೆ, ತೊಲೆ ಹಲಗೆಗಳ ಮಾರಾಟ. ಹುಟ್ಟಿದಾಗಿನಿಂದ ಸಾಗವಾನಿಯಲ್ಲೇ ಬೆಳೆದ ಮನುಷ್ಯ. ಸಂಬಂಧ ತಂದ ನಮ್ಮ ಸೋದರಮಾವ ಇನ್ನೊಂದು ಮಾತನ್ನೂ ಹೇಳಿದ. “ಬಡತನ ಇದ್ರ ನಡೀತೈತಿ ಅವರಿಗೆ. ಬಡಾಯಿ ನಡ್ಯೂದಿಲ್ಲ. ಒಂದು ಮನ್ಯಾಗ ನೆರಮನಿ ಬೆಳ್ಳಿ ತಾಟು ತಂದಿಟ್ಟು ನಮ್ಮವು ಅಂದ್ರಂತ, ಅರ್ಧಾ ಉಪ್ಪಿಟ್ಟಿಗೆ ಎದ್ದು ಬಂದಾರ.”

ಅವರು ಬರುವ ದಿನ ನಾನೂ ಅವ್ವನೂ ನಸುಕಿನಲ್ಲೇ ಎದ್ದು ಹಾಸಿಗೆಯ ಚಾದರ ಒಗೆದು, ಗಿಡ ಕಾಣದ ಹಾಗೆ ಅದರ ಮೇಲೆ ಒಣಹಾಕಿದೆವು. ಅಪ್ಪ ನೋಡಿದವರೇ, “ಮುತ್ತಿನ ಮ್ಯಾಲೆ ಮಸಿಅರಿವಿ ಹಾಕಿದ್ಹಂಗ” ಎಂದು ಚಾದರ ಎಳೆದು ಬಿಸಾಕಿದರು. ಕೊಬ್ಬರಿ ಎಣ್ಣೆ ತಂದು ಎಲೆಗಳಿಗೆ ಒಂದೊಂದಾಗಿ ಹಚ್ಚಿ ಒರೆಸಿದರು. ನನ್ನ ತಲೆಗೆ ಹಚ್ಚಲು ಡಬ್ಬಿಯಲ್ಲಿ ಎಣ್ಣೆ ಉಳಿಯಲಿಲ್ಲ.

ಬೀಗರಾಗಬೇಕಾದವರು ಬಂದರು. ಅವರಲ್ಲಿ ಹಿರಿಯರು, ಹುಡುಗನ ತಂದೆ, ಗೇಟಿನಲ್ಲೇ ನಿಂತರು. ಬಾಗಿಲ ಸಂದಿಯಿಂದ ನನಗೆ ಎಲ್ಲ ಕಾಣುತ್ತಿತ್ತು. ಅವರು ಒಂದು ಎಲೆಯ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಉಜ್ಜಿ, ಬೆರಳು ನೋಡಿಕೊಂಡು, ಧೋತರದ ಹಿಂದೆ ಒರೆಸಿಕೊಂಡರು.

“ಅದು ಪೋರ್ತುಗೀಜ ಗಿಡರಿ ಯಜಮಾನ್ರ,” ಅಪ್ಪ ಶುರುಮಾಡಿದರು. “ಇಡೀ ಜಿಲ್ಲಾದಾಗ ಇದೊಂದ ಐತಿ. ಅಲ್ಲಿ ಗವರ್ನರ ಇದರ ನೆರಳಾಗ ಕುಂತು ನ್ಯಾಯ ಹೇಳತಿದ್ನಂತ.”

ಡ್ರೈವರ ಹೇಳಿದ್ದ ಸಾಹೇಬ ನಮ್ಮ ಅಂಗಳದಲ್ಲಿ ಯಾವಾಗ ಗವರ್ನರನಾಗಿ ಬಡ್ತಿ ಪಡೆದನೋ ನನಗೆ ಗೊತ್ತಿಲ್ಲ. ಹಿರಿಯರು ಒಳಗೆ ಬಂದು ಕೂತರು. ನಾನು ಶಿರಾ, ಉಪ್ಪಿಟ್ಟು ತಂದಿಟ್ಟು ಕೆಳಗೆ ಕೂತೆ. ಅತ್ತೆಯಾಗಬೇಕಾದವರು ಅಡುಗೆ, ಹೊಲಿಗೆ ಎಂದು ಕೇಳಿದರು. ಹಿರಿಯರು ಉಪ್ಪಿಟ್ಟಿನ ತಾಟನ್ನು ಮುಟ್ಟಿರಲಿಲ್ಲ. ನನ್ನ ಕಣ್ಣೆಲ್ಲ ಆ ತಾಟಿನ ಮೇಲೆ. ಆಗ ಅವರು ನನ್ನ ಕಡೆ ತಿರುಗಿದರು.

“ಹೊರಗಿನ ಗಿಡ ಯಾವದವಾ?”

“ಹೇಳವಾ, ಹೇಳು,” ಎಂದರು ಅಪ್ಪ. ಮುಖದ ತುಂಬ ನಗು. ಬಾಗಿಲ ಬಳಿ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಪೋರ್ತುಗೀಜ ಎಂದರೆ ಆ ಮನುಷ್ಯ ಎದ್ದು ಹೋಗುತ್ತಾರೆ, ಹಳಿಯಾಳ ಹೋಗುತ್ತದೆ. ಸಾಗವಾನಿ ಎಂದರೆ ನಮ್ಮಪ್ಪ ಮತ್ತೆ ಆ ಕುರ್ಚಿಯಲ್ಲಿ ಕೂರಲಾರರು. ಆ ಲಾರಿಗೂ, ಗವರ್ನರನಿಗೂ ಮನಸ್ಸಿನಲ್ಲೇ ಬಾಯಿಗೆ ಬಂದ ಹಾಗೆ ಬೈದು, ಹೇಳಿದೆ.

“ನಮ್ಮಪ್ಪ ಅದನ್ನ ಪೋರ್ತುಗೀಜ ಗಿಡ ಅಂತ ಭಾಳ ಜ್ವಾಕಿಲೆ ಬೆಳಸ್ಯಾರ್ರಿ. ನಿಮ್ಮ ಅಡ್ಡೆದಾಗ ಅದಕ್ಕ ಏನಂತಾರಂತ ನಾ ಹೆಂಗ ಹೇಳ್ಲಿರಿ?”

ಹಿರಿಯರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಅವರ ಮೀಸೆಯ ತುದಿ ಅಲುಗಿತು ಎಂದು ಅವ್ವ ಆಮೇಲೆ ಹೇಳಿದಳು. ಅವರು ತಾಟು ಹತ್ತಿರಕ್ಕೆ ಎಳೆದುಕೊಂಡು ಉಪ್ಪಿಟ್ಟಿಗೆ ಕೈ ಹಾಕಿದರು.

“ಇವತ್ತಿನಿಂದ ನಾವೂ ಹಂಗ ಅಂತೀವಿ ಬಿಡವಾ,” ಎಂದರು.

ಅಪ್ಪನಿಗೆ ತಿಳಿದದ್ದು ಇಷ್ಟೇ, ಹಳಿಯಾಳದ ದೊಡ್ಡ ವ್ಯಾಪಾರಿ ತಮ್ಮ ಗಿಡಕ್ಕೆ ಮಾರುಹೋಗಿ ಮಗಳನ್ನು ಒಪ್ಪಿಕೊಂಡರು. ಕಾಲೋನಿಯ ತುಂಬ ಹಾಗೇ ಹೇಳಿಕೊಂಡು ಬಂದರು.

ಬೇಸಿಗೆಯಲ್ಲಿ ಮದುವೆ ಆಯಿತು. ಪಂಚಮಿಗೆ ನನ್ನನ್ನು ಕರೆಯಲು ಅಪ್ಪ ಹಳಿಯಾಳಕ್ಕೆ ಬಂದರು. ಅತ್ತೆಮನೆಯ ಹಿತ್ತಲಿನಲ್ಲಿ ಕಡಿದ ಸಾಗವಾನಿಯ ಒಂದು ಬುಡ ಇತ್ತು, ಮಳೆ ಬಿದ್ದೊಡನೆ ಅದು ಚಿಗುರಿ ಮೊರದಂಥ ಎಲೆ ಬಿಟ್ಟಿತ್ತು. ಮಾವನವರು ಬೀಗರು ಬರುವ ಸುದ್ದಿ ಕೇಳಿ ಅದರ ಮೇಲೆ ಕಂಬಳಿ ಹೊದಿಸಿದ್ದರು. ನಾನು ತವರಲ್ಲಿ ಚಾದರ ಹಾಕಿ ಸೋತ ಕಥೆ ಅವರಿಗೆ ಗೊತ್ತಿರಲಿಲ್ಲ. ಊಟಕ್ಕೆ ಮುಂಚೆ ಕೈತೊಳೆಯಲು ಅಪ್ಪ ಹಿತ್ತಲಿಗೆ ಹೋದರು. ಮಳೆ ಧೋ ಎಂದು ಸುರಿಯುತ್ತಿತ್ತು.

“ಇಂಥಾ ಮಳ್ಯಾಗ ಕಂಬಳಿ ಯಾರು ಒಣಹಾಕ್ಯಾರ?” ಎಂದು ಅಪ್ಪ ಅದನ್ನು ಎತ್ತಿದರು.

ನಾನು ತಂಬಿಗೆ ಹಿಡಿದು ಹಿಂದೆ ನಿಂತಿದ್ದೆ. ಅಪ್ಪ ಎಲೆ ನೋಡಿದರು, ಅದರ ಬುಡದ ದಪ್ಪ ಕೊರಡು ನೋಡಿದರು, ಅದರಾಚೆ ಸಾಲಾಗಿ ಪೇರಿಸಿದ್ದ ತೊಲೆಗಳನ್ನು ನೋಡಿದರು. ಕಂಬಳಿಯನ್ನು ಮೊದಲಿದ್ದ ಹಾಗೇ ಹೊದಿಸಿ, ಮೂಲೆಯನ್ನೂ ಸರಿಮಾಡಿದರು.

“ನಿನಗ ಗೊತ್ತಿತ್ತೇನವಾ?”

“ಹೌದಪ್ಪಾ.”

“ನಿಮ್ಮವ್ವಗ?”

“ಅವ್ವಗ ಮದಲ ಗೊತ್ತಿತ್ತು.”

ಅಪ್ಪ ಕೈತೊಳೆದುಕೊಂಡು ಒಳಗೆ ಬಂದು ಊಟಕ್ಕೆ ಕೂತರು. ಅವತ್ತು ಮೆಂತ್ಯದ ಪಲ್ಯ ಬಡಿಸಿದ್ದರು. ಅಪ್ಪ ಅದನ್ನು ಮುಟ್ಟಲಿಲ್ಲ.

ಆ ವರ್ಷ ಚಳಿ ಶುರುವಾದಾಗ ದಾಂಡೇಲಿ ಬಸ್ಸಿನ ಕಂಡಕ್ಟರ ನಮ್ಮ ಅಡ್ಡೆಯ ಮುಂದೆ ಒಂದು ಗಂಟು ಇಳಿಸಿಹೋದ. ನಿಮ್ಮ ತಂದೆ ಕೊಟ್ಟರು ಎಂದ. ಪೋರ್ತುಗೀಜ ಗಿಡದ ಎಲೆ, ಮೇಲೆ ಬಾಳೆನಾರು. ಅಪ್ಪ ಯಾರಿಗೂ ಮುಟ್ಟಗೊಡದಿದ್ದ, ಎಣ್ಣೆ ಹಚ್ಚಿ ಒರೆಸುತ್ತಿದ್ದ ಎಲೆ. ಬಿಚ್ಚಿದೆ, ಒಳಗೆ ಎಳೆ ಮೆಂತ್ಯ ಇತ್ತು, ಬೇರಿನಲ್ಲಿ ಇನ್ನೂ ಹಸಿ ಮಣ್ಣು. ಅಪ್ಪನ ಕುರ್ಚಿ ಇರುತ್ತಿದ್ದ ಜಾಗದಲ್ಲಿ ಅವ್ವನ ಮಡಿ ಬಂದಿದೆ ಎಂದು ಅಪ್ಪ ಕಂಡಕ್ಟರನ ಹತ್ತಿರ ಹೇಳಿಕಳಿಸಿದ್ದರು. ಕೈಯೆಲ್ಲ ಕೆಂಪು ಮಾಡಿಕೊಂಡು ನಾನು ಅಡ್ಡೆಯ ತೊಲೆಗಳ ನಡುವೆ ನಿಂತು ಅತ್ತೆ.